ಬಾಯಿ ಮುಚ್ಚಿಸುವುದೋ, ಸಮಾಧಾನ ಮಾಡುವುದೋ?

ಓದಿಕೊಳ್ಳಿ: ಯೆಶಾಯ 66:10-13, ಕೀರ್ತನೆ 131

ಭಾನುವಾರದ ಬಲಿಪೂಜೆ. ಶುಭಸಂದೇಶದ ವಾಚನ ಮುಗಿದು ಗುರುಗಳು ಪ್ರಬೋಧನೆ ಆರಂಭಿಸಿದ್ದಾರೆ. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಒಂದು ಕೂಸು ಮೆಲ್ಲಗೆ ರಾಗ ತೆಗೆಯುತ್ತದೆ. ನಾಲ್ಕಾರು ತಲೆಗಳು ಹಿಂದಕ್ಕೆ ತಿರುಗುತ್ತವೆ. ತಾಯಿಯ ಮುಖ ಕೆಂಪಾಗುತ್ತದೆ. ಅವಳು ಗಡಿಬಿಡಿಯಿಂದ ಚೀಲಕ್ಕೆ ಕೈಹಾಕಿ ಒಂದು ರಬ್ಬರ್ ನಿಪ್ಪಲ್ ತೆಗೆದು ಕೂಸಿನ ಬಾಯಿಗಿಡುತ್ತಾಳೆ. ಕೂಸು ಸುಮ್ಮನಾಗುತ್ತದೆ. ತಿರುಗಿದ ತಲೆಗಳು ಮತ್ತೆ ಮುಂದಕ್ಕಾಗುತ್ತವೆ. ಪಕ್ಕದಲ್ಲಿ ಕುಳಿತ ಅತ್ತೆ ಮಾತ್ರ, “ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಮಕ್ಕಳನ್ನು ಸಾಕಲಿಲ್ಲವೇ?” ಎಂದು ಗೊಣಗುತ್ತಾರೆ. ಸೊಸೆ ಉತ್ತರ ಕೊಡುವುದಿಲ್ಲ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಇಬ್ಬರ ನಡುವೆ ಮಾತಿಲ್ಲ.

ಇಂಥ ದೃಶ್ಯವನ್ನು ನಮ್ಮ ಧರ್ಮಕೇಂದ್ರಗಳಲ್ಲಿ ನೋಡದವರು ಯಾರು? ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯ ಬದಿಯ ರಾಮನಗುಳಿಯಂಥ ಊರುಗಳಿಗೂ ಈ ನಿಪ್ಪಲ್ ಬಂದು ತಲುಪಿದೆ. ಪೇಟೆಯ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಹಬ್ಬದ ಸಂತೆಯಲ್ಲೂ ಸಿಗುತ್ತದೆ. ಹೊರ ಊರಿನಲ್ಲಿ ದುಡಿಯುವ ಅಣ್ಣತಮ್ಮಂದಿರು ಕೂಸಿನ ಅಂಗಿ, ಟೊಪ್ಪಿಗೆಯ ಜೊತೆಗೆ ಇದನ್ನೂ ತಂದುಕೊಡುತ್ತಾರೆ. ಹಾಲಿನ ಬಾಟಲಿಗೆ ಸೇರದ, ತೂತಿಲ್ಲದ, ಬರಿದೇ ಚೀಪಲು ಕೊಡುವ ವಸ್ತು ಇದು. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ಯಾಸಿಫೈಯರ್’ ಎಂದು ಹೆಸರು. ಶಾಂತಗೊಳಿಸುವಂಥದ್ದು ಎಂದು ಅದರ ಅರ್ಥ.

ಇದು ಒಳ್ಳೆಯದೋ ಕೆಟ್ಟದ್ದೋ? ಅತ್ತೆ ಹೇಳಿದ್ದು ಸರಿಯೋ, ಸೊಸೆ ಮಾಡಿದ್ದು ಸರಿಯೋ? ಈ ವಾರ ಇದನ್ನೇ ಕುರಿತು ಸ್ವಲ್ಪ ವಿಚಾರ ಮಾಡೋಣ.

ಚೀಪುವುದು ದೇವರು ಕೊಟ್ಟ ಬುದ್ಧಿ

ಮೊದಲಿಗೆ ಒಂದು ವಿಷಯವನ್ನು ತಿಳಿದುಕೊಳ್ಳಬೇಕು. ಚೀಪುವುದು ಕೂಸಿಗೆ ಅಂಟಿದ ಕೆಟ್ಟ ಚಟವಲ್ಲ. ಗರ್ಭದಲ್ಲಿ ನಾಲ್ಕು ತಿಂಗಳು ತುಂಬುವ ಹೊತ್ತಿಗೇ ಶಿಶು ತನ್ನ ಬೆರಳನ್ನು ಬಾಯಿಗೆ ಒಯ್ಯುವುದನ್ನು ಸ್ಕ್ಯಾನಿಂಗ್‌ನಲ್ಲಿ ಕಾಣಬಹುದು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಹಾಲು ಕುಡಿಯುವ ಶಕ್ತಿ ಸುಮಾರು 34 ವಾರಗಳ ಹೊತ್ತಿಗೆ ಕೂಡಿಬರುತ್ತದೆ. ಲೋಕಕ್ಕೆ ಬರುವ ಮೊದಲೇ ಬದುಕುವ ಮೊದಲ ವಿದ್ಯೆಯನ್ನು ಕಲಿಸಿ ಕಳುಹಿಸುವ ಸೃಷ್ಟಿಕರ್ತನ ಕರುಣೆ ಎಷ್ಟು ದೊಡ್ಡದು!

ಕೂಸು ಚೀಪುವುದರಲ್ಲಿ ಎರಡು ಬಗೆ. ತಾಯಿಯ ಎದೆಯಿಂದ ಹಾಲು ಸುರಿಯುತ್ತಿರುವಾಗ ಅದು ಸೆಕೆಂಡಿಗೆ ಸುಮಾರು ಒಂದು ಸಲದಂತೆ ನಿಧಾನವಾಗಿ ಎಳೆದು, ನುಂಗಿ, ಉಸಿರು ತೆಗೆದುಕೊಳ್ಳುತ್ತದೆ. ಹಾಲಿಲ್ಲದೆ ಬರಿದೇ ಚೀಪುವಾಗ ಸೆಕೆಂಡಿಗೆ ಎರಡು ಸಲದಷ್ಟು ಬೇಗ ಬೇಗ ಚೀಪುತ್ತದೆ. ಮೊದಲನೆಯದು ಹೊಟ್ಟೆಗೆ, ಎರಡನೆಯದು ಮನಸ್ಸಿಗೆ. ತಾಯಿಯ ಮೊಲೆಯಲ್ಲಿ ಈ ಎರಡೂ ಒಂದೇ ಕಡೆ ಸಿಗುತ್ತವೆ. ಹಾಲು ಮುಗಿದ ಮೇಲೂ ಕೂಸು ಎದೆಗೆ ಅಂಟಿಕೊಂಡಿರುವುದು ಇದಕ್ಕೇ.

ಈ ಎರಡನೆಯ ಆಸೆಯನ್ನು ಬೇರೆ ವಸ್ತುವಿನಿಂದ ತೀರಿಸುವುದು ಹೊಸತೇನಲ್ಲ. ಬಟ್ಟೆಯ ಗಂಟನ್ನು ಸಕ್ಕರೆ ನೀರಿನಲ್ಲಿ ಅದ್ದಿ ಕೊಡುವುದು ಅನೇಕ ದೇಶಗಳಲ್ಲಿ ಇತ್ತು. ಯುರೋಪಿನ ಸಿರಿವಂತರು ಹವಳ, ಬೆಳ್ಳಿಗಳಿಂದ ಮಾಡಿಸುತ್ತಿದ್ದರು. ಹಿಂದೆ ಬಿಲ್ಲೆ, ಮುಂದೆ ತೊಟ್ಟು ಇರುವ ಇಂದಿನ ರಬ್ಬರ್ ನಿಪ್ಪಲ್ ಅಮೆರಿಕದ ಅಂಗಡಿಗಳಿಗೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಆದ್ದರಿಂದ ‘ನಮ್ಮ ಕಾಲದಲ್ಲಿ ಎಲ್ಲಿತ್ತು’ ಎನ್ನುವ ಅತ್ತೆಯಂದಿರೂ ತಮ್ಮ ಅಜ್ಜಿಯರು ಕೂಸಿನ ಕೈಗೆ ಕಟ್ಟುತ್ತಿದ್ದ ಬಜೆಯ ಬೇರನ್ನೂ ಬಾಯಿಗೆ ಕೊಡುತ್ತಿದ್ದ ಮರದ ಗಿಲಕಿಯನ್ನೂ ಒಮ್ಮೆ ನೆನಪಿಸಿಕೊಳ್ಳಲಿ.

ಉಪಯೋಗವೂ ಉಂಟು

ನ್ಯಾಯವಾಗಿ ಹೇಳಬೇಕೆಂದರೆ ಈ ನಿಪ್ಪಲ್‌ನಿಂದ ಕೆಲವು ಉಪಯೋಗಗಳಿವೆ.

ತಿಂಗಳು ತುಂಬದೆ ಹುಟ್ಟಿ, ಮೂಗಿನ ಕೊಳವೆಯಿಂದ ಹಾಲು ಪಡೆಯುವ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಇದನ್ನು ಕೊಡುತ್ತಾರೆ. ಬರಿದೇ ಚೀಪುವುದನ್ನು ಅಭ್ಯಾಸ ಮಾಡಿದ ಕೂಸು ಬೇಗನೆ ಬಾಯಿಂದ ಕುಡಿಯಲು ಕಲಿಯುತ್ತದೆ, ಬೇಗನೆ ಮನೆಗೆ ಹೋಗುತ್ತದೆ. ಸೂಜಿ ಚುಚ್ಚುವಾಗ ಚೀಪುತ್ತಿದ್ದರೆ ನೋವು ಕಡಿಮೆಯಾಗುತ್ತದೆ. ಆದರೆ ತಾಯಿ ಎದೆಹಾಲು ಕುಡಿಸುತ್ತಿರುವಾಗಲೇ ಚುಚ್ಚುಮದ್ದು ಹಾಕಿಸಿದರೂ ಅದೇ ಉಪಕಾರ ಆಗುತ್ತದೆ ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ ನಿದ್ದೆಯದು. ಆರೋಗ್ಯವಾಗಿದ್ದ ಕೂಸು ಮಲಗಿದಲ್ಲೇ ತೀರಿಕೊಳ್ಳುವ ದುರಂತ ಕೆಲವೊಮ್ಮೆ ನಡೆಯುತ್ತದೆ. ಮಲಗಿಸುವಾಗ ನಿಪ್ಪಲ್ ಕೊಟ್ಟ ಕೂಸುಗಳಲ್ಲಿ ಈ ಅಪಾಯ ಕಡಿಮೆ ಎಂದು ಕಂಡುಬಂದಿದೆ. ಆದುದರಿಂದಲೇ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಮಲಗುವ ಹೊತ್ತಿನಲ್ಲಿ ಇದನ್ನು ಕೊಡಬಹುದು ಎನ್ನುತ್ತದೆ. ಜೊತೆಗೆ ಎರಡು ಎಚ್ಚರಿಕೆಗಳನ್ನೂ ಹೇಳುತ್ತದೆ. ಎದೆಹಾಲು ಕುಡಿಯುವುದು ಚೆನ್ನಾಗಿ ರೂಢಿಯಾದ ಮೇಲೆಯೇ ಕೊಡಬೇಕು. ನಿದ್ದೆಯಲ್ಲಿ ಜಾರಿಬಿದ್ದರೆ ಮತ್ತೆ ಬಾಯಿಗೆ ತುರುಕಬಾರದು. ಕೂಸನ್ನು ಅಂಗಾತ ಮಲಗಿಸುವುದು, ಎದೆಹಾಲು ಕುಡಿಸುವುದು, ಕೂಸಿನ ಹತ್ತಿರ ಯಾರೂ ಬೀಡಿ ಸಿಗರೇಟು ಸೇದದಿರುವುದು ಇವುಗಳಿಂದಲೂ ಆ ಅಪಾಯ ಕಡಿಮೆಯಾಗುತ್ತದೆ. ಇವಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಎದೆಹಾಲಿಗೆ ಅಡ್ಡಿಯೇ?

1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೆರಿಗೆ ಆಸ್ಪತ್ರೆಗಳಿಗಾಗಿ ಹತ್ತು ಸೂತ್ರಗಳನ್ನು ಪ್ರಕಟಿಸಿದವು. ಎದೆಹಾಲು ಕುಡಿಯುವ ಕೂಸಿಗೆ ನಿಪ್ಪಲ್ ಕೊಡಲೇಬಾರದು ಎಂಬುದು ಅದರಲ್ಲಿ ಒಂಬತ್ತನೆಯದು. 2018ರಲ್ಲಿ ಈ ಸೂತ್ರವನ್ನು ಸ್ವಲ್ಪ ಬದಲಿಸಿ, ಬಾಟಲಿ ಮತ್ತು ನಿಪ್ಪಲ್‌ಗಳ ಬಳಕೆ ಹಾಗೂ ಅಪಾಯಗಳ ಬಗ್ಗೆ ತಾಯಿಗೆ ತಿಳಿಹೇಳಬೇಕು ಎಂದು ಮಾಡಿದರು. ಈ ಬದಲಾವಣೆಗೆ ಕಾರಣವಿದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ ತಿಳಿದುಬಂದದ್ದು ಇಷ್ಟು: ಎದೆಹಾಲು ಕುಡಿಸಬೇಕೆಂಬ ಗಟ್ಟಿ ಮನಸ್ಸು ಇರುವ ತಾಯಂದಿರಲ್ಲಿ, ತಿಂಗಳು ತುಂಬಿ ಹುಟ್ಟಿದ ಕೂಸಿಗೆ ನಿಪ್ಪಲ್ ಕೊಟ್ಟರೂ ಮೊದಲ ನಾಲ್ಕು ತಿಂಗಳು ಎದೆಹಾಲು ಕುಡಿಸುವುದು ಕಡಿಮೆಯಾಗಲಿಲ್ಲ.

ಹಾಗಾದರೆ ಚಿಂತೆಯೇ ಇಲ್ಲವೇ? ‘ಗಟ್ಟಿ ಮನಸ್ಸು ಇರುವ ತಾಯಂದಿರಲ್ಲಿ’ ಎಂಬ ಮಾತನ್ನು ಗಮನಿಸಿ. ಚೊಚ್ಚಲ ಬಾಣಂತಿ, ಹಾಲು ಸಾಲುತ್ತಿಲ್ಲವೇನೋ ಎಂಬ ಅಂಜಿಕೆ, ಸುತ್ತಲಿನವರ ಹತ್ತು ಮಾತು, ಇವೆಲ್ಲ ಇರುವ ಮನೆಯಲ್ಲಿ ಸ್ಥಿತಿಯೇ ಬೇರೆ. ಎದೆಹಾಲಿನ ಲೆಕ್ಕ ಬಹಳ ಸರಳ. ಕೂಸು ಎಷ್ಟು ಎಳೆಯುತ್ತದೆಯೋ ಅಷ್ಟು ಹಾಲು ಊರುತ್ತದೆ. ಹಸಿದ ಕೂಸು ಮೊದಲು ತುಟಿ ಚಪ್ಪರಿಸುತ್ತದೆ, ತಲೆಯನ್ನು ಆಚೀಚೆ ತಿರುಗಿಸಿ ಹುಡುಕುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಕಡೆಗೆ ಅಳುತ್ತದೆ. ಆ ಹೊತ್ತಿಗೆ ಬಾಯಿಗೆ ರಬ್ಬರ್ ಇಟ್ಟರೆ ಹಸಿವಿನ ಕರೆ ತಾಯಿಯನ್ನು ಮುಟ್ಟುವುದೇ ಇಲ್ಲ. ಕೂಸು ಚೀಪಿ ಚೀಪಿ ದಣಿದು ನಿದ್ದೆ ಹೋಗುತ್ತದೆ. ದಿನಕ್ಕೆ ಎರಡು ಸಲ ಹೀಗಾದರೆ ಎರಡು ಸಲದ ಹಾಲು ತಪ್ಪಿತು. ಎದೆಯೂ ಅಷ್ಟು ಕಡಿಮೆ ಊರಿತು. ಆಮೇಲೆ ‘ನನಗೆ ಹಾಲೇ ಇಲ್ಲ’ ಎಂಬ ಮಾತು ಬರುತ್ತದೆ, ಅದರ ಹಿಂದೆ ಡಬ್ಬಿಯ ಹಾಲು ಬರುತ್ತದೆ.

ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಬೇಕು, ಆರು ತಿಂಗಳು ಎದೆಹಾಲು ಮಾತ್ರ, ಅನಂತರ ಮೆತ್ತನೆಯ ಆಹಾರದೊಂದಿಗೆ ಎರಡು ವರ್ಷ ಹಾಗೂ ಮುಂದೆಯೂ ಎದೆಹಾಲು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳ ಒಳಗಿನ ಕೂಸುಗಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದವು ಶೇಕಡಾ 63.7. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕೂಸುಗಳಿಗೆ ಆ ಭಾಗ್ಯವಿರಲಿಲ್ಲ. ನಮ್ಮ ದೇಶದಲ್ಲಿ 1992ರಲ್ಲಿ ಮಾಡಿ 2003ರಲ್ಲಿ ಬಿಗಿಗೊಳಿಸಿದ ಕಾನೂನು ಡಬ್ಬಿಯ ಹಾಲು ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನು ನಿಷೇಧಿಸಿದೆ. ಬಾಟಲಿಗೆ ಜೋಡಿಸಿದ ನಿಪ್ಪಲ್ ಕೂಡ ಆ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಸರ್ಕಾರವೇ ಇಷ್ಟು ಎಚ್ಚರ ವಹಿಸಿರುವಾಗ ಮನೆಯವರಾದ ನಾವು ಎಚ್ಚರವಾಗಿರಬೇಡವೇ?

ಕೊಳೆ, ಕಿವಿ, ಹಲ್ಲು

ನಮ್ಮ ಊರುಗಳಲ್ಲಿ ಮೊದಲು ನೋಡಬೇಕಾದದ್ದು ಶುಚಿತ್ವ. ನಿಪ್ಪಲ್ ನೆಲಕ್ಕೆ ಬೀಳುತ್ತದೆ, ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗೆ ಹೋಗುತ್ತದೆ. ಅಣ್ಣನ ಕೈಯಿಂದ ತಂಗಿಯ ಬಾಯಿಗೆ, ಅಲ್ಲಿಂದ ಪಕ್ಕದ ಮನೆಯ ಕೂಸಿನ ಬಾಯಿಗೂ ಹೋಗುವುದುಂಟು. ಇದರಿಂದ ಬರುವ ಭೇದಿಯೂ ಬಾಯಿಹುಣ್ಣೂ ಬಡವರ ಮನೆಯ ಕೂಸನ್ನು ಬೇಗ ಸೊರಗಿಸುತ್ತವೆ. 2019ರಲ್ಲಿ ಮತ್ತು 2021ರಲ್ಲಿ ಗಂಗಾವಳಿ ಉಕ್ಕಿ ಹರಿದಾಗ ನದಿಯ ದಡದ ಜನ ಮನೆ ಬಿಟ್ಟು ಹೋಗಬೇಕಾಯಿತು. ಅಂಥ ಹೊತ್ತಿನಲ್ಲಿ ನಿಪ್ಪಲ್ ಕುದಿಸಲು ಒಲೆ ಎಲ್ಲಿ, ಒಳ್ಳೆಯ ನೀರು ಎಲ್ಲಿ? ತಾಯಿಯ ಎದೆಯೊಂದೇ ನೆರೆ ಬಂದರೂ ಕೊಳೆಯಾಗದ ಪಾತ್ರೆ.

ಎರಡನೆಯದು ಕಿವಿ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ಕೊಳವೆ ಇದೆ. ಕೂಸುಗಳಲ್ಲಿ ಅದು ಗಿಡ್ಡ, ಹೆಚ್ಚು ಇಳಿಜಾರೂ ಇಲ್ಲ. ಸದಾ ಚೀಪುತ್ತಿದ್ದರೆ ಮೂಗು ಗಂಟಲಿನ ಸೋಂಕು ಆ ಕೊಳವೆಯ ಮೂಲಕ ಕಿವಿಗೆ ಏರುವುದು ಸುಲಭವಾಗುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ಫಿನ್ಲೆಂಡ್ ದೇಶದ ವೈದ್ಯರು ಇದನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ‘ನಿದ್ದೆ ಹತ್ತುವಾಗ ಮಾತ್ರ ಕೊಡಿ’ ಎಂದು ಕೆಲವು ಕೇಂದ್ರಗಳ ತಂದೆತಾಯಿಗಳಿಗೆ ತಿಳಿಹೇಳಿದರು. ಬೇರೆ ಕೇಂದ್ರಗಳಲ್ಲಿ ಏನೂ ಹೇಳಲಿಲ್ಲ. ತಿಳಿಹೇಳಿದ ಕಡೆ ಮಕ್ಕಳಲ್ಲಿ ಕಿವಿಯ ಸೋಂಕು ಶೇಕಡಾ 29ರಷ್ಟು ಕಡಿಮೆಯಾಗಿತ್ತು. ಔಷಧಿ ಕೊಡಲಿಲ್ಲ, ಖರ್ಚು ಮಾಡಲಿಲ್ಲ. ಒಂದು ಒಳ್ಳೆಯ ಮಾತು ಹೇಳಿದರು, ಅಷ್ಟೇ. ಕಿವಿ ಸೋರುವ ಮಗುವಿಗೆ ಸರಿಯಾಗಿ ಕೇಳಿಸದು; ಸರಿಯಾಗಿ ಕೇಳಿಸದ ಮಗು ಮಾತು ಕಲಿಯುವುದು ತಡ. ಆದುದರಿಂದ ಆರು ತಿಂಗಳಾದ ಮೇಲೆ ಬಳಕೆಯನ್ನು ಕಡಿಮೆ ಮಾಡುತ್ತ ಬರುವುದು ಲೇಸು.

ಮೂರನೆಯದು ಹಲ್ಲು. ಹಾಲುಹಲ್ಲು ಬಂದ ಮೇಲೂ ದಿನವಿಡೀ ನಿಪ್ಪಲ್ ಬಾಯಲ್ಲಿದ್ದರೆ ಮುಂದಿನ ಮೇಲ್ಹಲ್ಲು ಕೆಳಹಲ್ಲುಗಳ ನಡುವೆ ಸಂದು ಬೀಳುತ್ತದೆ. ಬಾಯಿ ಮುಚ್ಚಿದರೂ ಅವು ಒಂದಕ್ಕೊಂದು ತಾಗುವುದಿಲ್ಲ. ಮೇಲ್ದವಡೆ ಕಿರಿದಾಗಿ ದವಡೆ ಹಲ್ಲುಗಳು ಅಡ್ಡಕ್ಕೆ ಕೂರುತ್ತವೆ. ಎರಡು ಮೂರು ವರ್ಷದೊಳಗೆ ಬಿಡಿಸಿದರೆ ಮುಂದಿನ ಸಂದು ಬಹುಮಟ್ಟಿಗೆ ತಾನಾಗಿ ಕೂಡಿಕೊಳ್ಳುತ್ತದೆ. ಅನಂತರವೂ ಮುಂದುವರಿದರೆ ದಂತವೈದ್ಯರ ಬಳಿ ಹೋಗಬೇಕಾದೀತು. ನಿಪ್ಪಲ್‌ನ್ನು ಸಕ್ಕರೆ, ಬೆಲ್ಲದ ನೀರಿನಲ್ಲಿ ಅದ್ದಿ ಕೊಟ್ಟರೆ ಹಲ್ಲು ಹುಳುಕಾಗುವುದು ಖಂಡಿತ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ಯಾವ ರೂಪದಲ್ಲೂ ಕೊಡಬಾರದು. ಕೂಸಿನ ನರಗಳನ್ನು ಕುಂದಿಸುವ ಒಂದು ಅಪಾಯಕಾರಿ ರೋಗದ ಬೀಜಗಳು ಅದರಲ್ಲಿ ಇರಬಹುದು.

‘ದ’ ಮತ್ತು ‘ಡ’

ನಾಲ್ಕನೆಯದು ಮಾತು. ಎರಡು ಮೂರು ತಿಂಗಳಿಗೆ ಕೂಸು ‘ಊ, ಆ’ ಎನ್ನುತ್ತದೆ. ಆರು ತಿಂಗಳ ಸುಮಾರಿಗೆ ‘ಬಬ್ಬಬ್ಬ, ದದ್ದದ್ದ’ ಎಂದು ಆಡಲು ತೊಡಗುತ್ತದೆ. ವರ್ಷ ತುಂಬುವಾಗ ಒಂದು ಮಾತು, ಎರಡು ವರ್ಷಕ್ಕೆ ಎರಡು ಮಾತು ಕೂಡಿಸಿ ಹೇಳುತ್ತದೆ. ಇದು ಸಾಮಾನ್ಯ ಕ್ರಮ. ಈ ತೊದಲು ಬರಿಯ ಆಟವಲ್ಲ. ನಾಲಗೆ, ತುಟಿ, ಕಿವಿ ಮೂರೂ ಸೇರಿ ನಡೆಸುವ ಪಾಠಶಾಲೆ ಅದು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಮ್ಮವರಿಗೆ ವಿಶೇಷ ಆಸಕ್ತಿಯದು. ಇಂಗ್ಲಿಷ್ ಮಾತಾಡುವ ಮನೆಗಳ ಆರು ತಿಂಗಳ ಕೂಸುಗಳಿಗೆ ಅವರು ಹಿಂದಿ ಭಾಷೆಯ ‘ದ’ ಮತ್ತು ‘ಡ’ ಧ್ವನಿಗಳನ್ನು ಕೇಳಿಸಿದರು. ಕನ್ನಡದಲ್ಲೂ ಇರುವ ಈ ಭೇದ ಇಂಗ್ಲಿಷಿನಲ್ಲಿ ಇಲ್ಲ. ಆದರೂ ಆ ವಯಸ್ಸಿನಲ್ಲಿ ಎಲ್ಲ ಕೂಸುಗಳೂ ಅದನ್ನು ಗುರುತಿಸಬಲ್ಲವು. ಅನಂತರ ನಾಲಗೆಯ ತುದಿ ಆಡದಂತೆ ಒತ್ತಿಹಿಡಿಯುವ ಒಂದು ಚಪ್ಪಟೆ ಕಚ್ಚಾಟಿಕೆಯನ್ನು ಬಾಯಲ್ಲಿಟ್ಟು ಕೇಳಿಸಿದರು. ಆಗ ಕೂಸುಗಳಿಗೆ ಭೇದ ತಿಳಿಯಲಿಲ್ಲ. ನಾಲಗೆಗೆ ತಾಗದ ಇನ್ನೊಂದು ಬಗೆಯ ಆಟಿಕೆ ಇಟ್ಟಾಗ ಮತ್ತೆ ತಿಳಿಯಿತು. ಅಂದರೆ ಕೂಸು ಕಿವಿಯಿಂದ ಮಾತ್ರ ಕೇಳುವುದಿಲ್ಲ. ಕೇಳುವಾಗ ಅದರ ನಾಲಗೆಯೂ ಪಾಲ್ಗೊಳ್ಳುತ್ತದೆ.

ಈ ಪ್ರಯೋಗ ನಡೆದದ್ದು ಕೆಲವೇ ನಿಮಿಷಗಳ ಕಾಲ. ಸ್ವಲ್ಪ ಹೊತ್ತು ನಿಪ್ಪಲ್ ಚೀಪಿದ ಮಗು ಮೂಗನಾಗುತ್ತದೆ ಎಂದು ಯಾರೂ ಹೇಳಿಲ್ಲ. ತಾಯಂದಿರು ಗಾಬರಿಪಡುವುದು ಬೇಡ. ಆದರೆ ಎಚ್ಚರವಿರುವ ಹೊತ್ತೆಲ್ಲ ಬಾಯಿ ತುಂಬಿಕೊಂಡೇ ಇರುವ ಮಗುವಿಗೆ ತೊದಲಲು ಬಿಡುವು ಎಲ್ಲಿ? ಅದು ಏನೂ ಹೇಳದಿದ್ದರೆ ನಾವೂ ಅದರೊಡನೆ ಮಾತಾಡುವುದಿಲ್ಲ. ಹೆಚ್ಚಿನ ನಷ್ಟ ಇರುವುದು ಅಲ್ಲಿಯೇ. ಹೊರಗೆ ಕನ್ನಡ, ಮನೆಯೊಳಗೆ ಕೊಂಕಣಿ, ಹೀಗೆ ಎರಡು ಭಾಷೆಯ ಸಿರಿ ನಮ್ಮ ಎಷ್ಟೋ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿದೆ. ಅದನ್ನು ಸವಿಯಲು ಬಾಯಿಗೆ ಸ್ವಾತಂತ್ರ್ಯ ಬೇಡವೇ? ಎರಡು ವರ್ಷವಾದರೂ ಮಗು ಎರಡು ಮಾತು ಕೂಡಿಸದಿದ್ದರೆ ‘ನಿಧಾನಕ್ಕೆ ಬರುತ್ತದೆ’ ಎಂದು ಕೂರದೆ ಅಂಗನವಾಡಿ ಕಾರ್ಯಕರ್ತೆಯನ್ನೂ ವೈದ್ಯರನ್ನೂ ಕೇಳಿರಿ. ಕಿವಿಯ ಪರೀಕ್ಷೆ ಮಾಡಿಸಿರಿ.

ಅಳು ಕೂಸಿನ ಮೊದಲ ಪ್ರಾರ್ಥನೆ

ದುಡಿಯುವ ತಾಯಿಯ ಕಷ್ಟವನ್ನು ನಾವು ಮರೆಯಬಾರದು. ಬೆಳಿಗ್ಗೆ ಎದ್ದು ಅಡಿಗೆ, ನೀರು, ದನಕರು; ಆಮೇಲೆ ತೋಟದ ಕೂಲಿಯೋ ಮೀನಿನ ಬುಟ್ಟಿಯೋ ಬಸ್ಸು ಹಿಡಿದು ಪೇಟೆಯ ಕೆಲಸವೋ. ಕಾರ್ಖಾನೆ ಕಚೇರಿಗಳ ಹೆಂಗಸರಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ಬಂತು. ದಿನಗೂಲಿಯವಳಿಗೆ ಆ ರಜೆ ಕೊಡುವವರು ಯಾರು? ಅಂಥವಳು ಹತ್ತು ನಿಮಿಷದ ನೆಮ್ಮದಿಗಾಗಿ ಒಂದು ನಿಪ್ಪಲ್ ಕೊಂಡರೆ ಅವಳನ್ನು ದೂರುವ ಅಧಿಕಾರ ನಮಗಿಲ್ಲ. ಅವಳ ಕೈಯಿಂದ ಕೂಸನ್ನು ಅರ್ಧ ತಾಸು ಎತ್ತಿಕೊಳ್ಳುವವರು ಮನೆಯಲ್ಲಿ ಇದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಕೆಲಸಕ್ಕೆ ಹೋಗುವವಳು ಶುದ್ಧವಾದ ಪಾತ್ರೆಯಲ್ಲಿ ಹಾಲು ಹಿಂಡಿಟ್ಟು ಮುಚ್ಚಿ, ತಂಪು ಜಾಗದಲ್ಲಿಟ್ಟರೆ ಸುಮಾರು ನಾಲ್ಕು ತಾಸು ಕೆಡುವುದಿಲ್ಲ. ಅಜ್ಜಿ ಅದನ್ನು ಹಳೆಯ ಕಾಲದ ಒಳಲೆಯಿಂದಲೋ ಚಮಚದಿಂದಲೋ ಕುಡಿಸಬಹುದು. ಒಳಲೆಯನ್ನು ತೊಳೆದು ಕುದಿಸುವುದು ಬಾಟಲಿಗಿಂತ ಎಷ್ಟೋ ಸುಲಭ.

ಕೂಸು ಅತ್ತಾಗ ಕ್ರಮವಾಗಿ ಹೀಗೆ ನೋಡಿರಿ. ಹಸಿವೆಯೇ? ಬಟ್ಟೆ ಒದ್ದೆಯೇ? ಸೆಕೆಯೇ, ಚಳಿಯೇ? ಹೊಟ್ಟೆಯಲ್ಲಿ ಗಾಳಿ ತುಂಬಿದೆಯೇ? ನಿದ್ದೆ ಬಂದಿದೆಯೇ? ಇರುವೆ ಕಚ್ಚಿತೇ? ಯಾವುದೂ ಅಲ್ಲವಾದರೆ ಅದಕ್ಕೆ ನೀವು ಬೇಕು, ಅಷ್ಟೇ. ಎತ್ತಿ ಹೆಗಲಿಗೆ ಹಾಕಿಕೊಳ್ಳಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ, ಒಂದು ಜೋಗುಳ ಹಾಡಿರಿ. ಏನು ಮಾಡಿದರೂ ಅಳು ನಿಲ್ಲದಿದ್ದರೆ, ಜ್ವರವಿದ್ದರೆ, ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಂಥ ಕೂಸಿನ ಬಾಯಿಗೆ ನಿಪ್ಪಲ್ ಇಟ್ಟು ಸುಮ್ಮನಾಗಿಸಿದರೆ ರೋಗದ ಸೂಚನೆಯೇ ತಪ್ಪಿಹೋಗಬಹುದು. ಆಸ್ಪತ್ರೆಯ ಹೆರಿಗೆಯ ನಂತರ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂದು ನಿಯಮವಿದೆ. ನಿಮ್ಮ ಸಂದೇಹಗಳನ್ನು ಸಂಕೋಚವಿಲ್ಲದೆ ಅವರ ಮುಂದಿಡಿ.

ಕೊಡುವುದಾದರೆ ಹೀಗೆ, ಬಿಡಿಸುವುದಾದರೆ ಹೀಗೆ

ಕೊಡಲೇಬೇಕಾದರೆ ಹುಟ್ಟಿದ ಮೂರು ನಾಲ್ಕು ವಾರ ಕಳೆದು, ಎದೆಹಾಲು ರೂಢಿಯಾದ ಮೇಲೆ ಕೊಡಿ. ಮೊದಲು ಹಾಲು, ಆಮೇಲೆ ನಿಪ್ಪಲ್. ಒಂದೇ ತುಂಡಿನಲ್ಲಿ ಎರಕವಾದ, ಬಿಲ್ಲೆ ಕೂಸಿನ ಬಾಯಿಗಿಂತ ದೊಡ್ಡದಿರುವ ನಿಪ್ಪಲ್ ಆರಿಸಿರಿ. ದಿನವೂ ತೊಳೆದು ಕುದಿಸಿರಿ. ಬಿರುಕು ಬಿಟ್ಟರೆ ಎಸೆಯಿರಿ. ತುಂಡು ಗಂಟಲಿಗೆ ಸಿಕ್ಕಿಕೊಂಡೀತು. ದಾರ ಕಟ್ಟಿ ಕೊರಳಿಗೆ ಹಾಕುವುದು ಬೇಡವೇ ಬೇಡ. ಶಿಲುಬೆಯ ದಾರ, ಜಪಸರಗಳನ್ನೂ ಮಲಗಿದ ಕೂಸಿನ ಕೊರಳಲ್ಲಿ ಬಿಡಬೇಡಿ. ಭಕ್ತಿಗೆ ಅದರಿಂದ ಕೊರತೆಯಾಗದು.

ಬಿಡಿಸುವಾಗ ಬೇವಿನ ಕಹಿ, ಮೆಣಸಿನ ಖಾರ ಹಚ್ಚಬೇಡಿ. ‘ನೋಡು, ನಾಚಿಕೆ’ ಎಂದು ನಾಲ್ವರ ಮುಂದೆ ಹೀಯಾಳಿಸಬೇಡಿ. ಮೊದಲು ಹಗಲು ಹೊತ್ತು ನಿಲ್ಲಿಸಿ, ಮಲಗುವಾಗ ಮಾತ್ರ ಕೊಡಿ. ಆಮೇಲೆ ಮಧ್ಯಾಹ್ನದ ನಿದ್ದೆಗೆ, ಕಡೆಗೆ ರಾತ್ರಿಗೂ ನಿಲ್ಲಿಸಿರಿ. ಅದರ ಜಾಗದಲ್ಲಿ ಒಂದು ಕಥೆ, ಒಂದು ಹಾಡು, ಬೆನ್ನು ಸವರುವ ಕೈ ಇರಲಿ. ತಂಗಿ ತಮ್ಮ ಹುಟ್ಟುವ ದಿನಗಳಲ್ಲಿ, ಜ್ವರದ ದಿನಗಳಲ್ಲಿ ಬಿಡಿಸಲು ಹೊರಡಬೇಡಿ. ಇಸಾಕನು ಮೊಲೆಬಿಟ್ಟ ದಿನ ಅಬ್ರಹಾಮನು ದೊಡ್ಡ ಔತಣ ಮಾಡಿಸಿದನೆಂದು ಆದಿಕಾಂಡದಲ್ಲಿ (21:8) ಓದುತ್ತೇವೆ. ನಿಮ್ಮ ಮಗು ನಿಪ್ಪಲ್ ಬಿಟ್ಟ ದಿನ ನೀವೂ ಒಂದಿಷ್ಟು ಪಾಯಸ ಮಾಡಿರಿ. ದೊಡ್ಡವನಾಗುವುದು ಸಂತೋಷದ ಸಂಗತಿ ಎಂದು ಮಗು ತಿಳಿಯಲಿ.

ಧರ್ಮಸಭೆಯ ತಾಯಿಮಾತು

ಪವಿತ್ರ ಬೈಬಲಿನಲ್ಲಿ ಮೊಲೆಹಾಲು ನಾಚಿಕೆಯ ಮಾತಲ್ಲ. ಹನ್ನಳು ಸಮುವೇಲನು ಮೊಲೆಬಿಡುವ ತನಕ ಶಿಲೋವಿನ ವಾರ್ಷಿಕ ಯಾತ್ರೆಗೇ ಹೋಗಲಿಲ್ಲ (1 ಸಮುವೇಲ 1:21-24). ಕೂಸಿಗೆ ಹಾಲೂಡಿಸುವುದೂ ದೇವಸೇವೆಯೇ ಎಂದು ಅವಳು ತಿಳಿದಿದ್ದಳು. ಮಕ್ಕಬಿಯರ ಎರಡನೆಯ ಗ್ರಂಥದ ವೀರಮಾತೆ ತನ್ನ ಕೊನೆಯ ಮಗನಿಗೆ ಧೈರ್ಯ ಹೇಳುವಾಗ ಮೂರು ವರ್ಷ ಎದೆಹಾಲು ಕೊಟ್ಟುದನ್ನು ನೆನಪಿಸುತ್ತಾಳೆ (7:27). ಪ್ರವಾದಿ ಯೆಶಾಯನು ದೇವರ ಸಾಂತ್ವನವನ್ನು ವರ್ಣಿಸಲು ಹಾಲೂಡುವ ತಾಯಿಗಿಂತ ಉತ್ತಮವಾದ ಹೋಲಿಕೆಯನ್ನು ಕಾಣಲಿಲ್ಲ.

ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1941ರ ಅಕ್ಟೋಬರ್ 26ರಂದು ತಾಯಂದಿರಿಗೆ ನೀಡಿದ ಸಂದೇಶದಲ್ಲಿ, ಸಾಧ್ಯವಿದ್ದಷ್ಟು ಮಟ್ಟಿಗೆ ತಮ್ಮ ಮಕ್ಕಳಿಗೆ ತಾವೇ ಹಾಲೂಡಿಸಬೇಕೆಂದು ಪ್ರೋತ್ಸಾಹಿಸಿದ್ದರು. 1995ರ ಮೇ 12ರಂದು ಸಂತ ಎರಡನೆಯ ಜಾನ್ ಪೌಲರು ವಿಜ್ಞಾನಿಗಳ ಸಭೆಯಲ್ಲಿ ಅದನ್ನೇ ನೆನಪಿಸಿ, ಎದೆಹಾಲು ರೋಗದಿಂದ ಕಾಪಾಡುವುದರ ಜೊತೆಗೆ ತಾಯಿ ಮಗುವಿನ ಪ್ರೀತಿಯ ಬಂಧವನ್ನೂ ಕಟ್ಟುತ್ತದೆ ಎಂದರು. ಹೆಂಗಸರ ಮೇಲೆ ಹೊರಿಸಿದ ಕೆಲಸದ ಭಾರದಿಂದ ಇದಕ್ಕೆ ಸಮಯವೇ ಸಿಗದಂತಾಗಿದೆ ಎಂದು ಮರುಗಿದರು. ಜಗದ್ಗುರು ಫ್ರಾನ್ಸಿಸ್‌ರವರು 2014ರ ಜನವರಿ 12ರಂದು ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವಾಗ, ಕೂಸುಗಳ ಗದ್ದಲವೇ ಅಂದಿನ ಅತ್ಯಂತ ಸುಂದರ ಗಾಯನ ಎಂದು ಹೇಳಿ, ಹಸಿದವಕ್ಕೆ ಅಲ್ಲಿಯೇ ಹಾಲೂಡಿಸಲು ತಾಯಂದಿರಿಗೆ ಅನುಮತಿ ಕೊಟ್ಟರು. ಜಗದ್ಗುರುಗಳ ಪ್ರಾರ್ಥನಾಲಯದಲ್ಲಿ ಅಳಬಹುದಾದ ಕೂಸು ನಮ್ಮ ದೇವಾಲಯದಲ್ಲಿ ಅತ್ತರೆ ನಾವು ತಿರುಗಿ ನೋಡಬೇಕೇ? ನೋಡುವುದಾದರೆ ನಗುಮುಖದಿಂದ ನೋಡೋಣ. ತಾಯಿ ಗಡಿಬಿಡಿಯಿಂದ ಕೂಸಿನ ಬಾಯಿ ಮುಚ್ಚಿಸಲು ನಮ್ಮ ದೃಷ್ಟಿಯೇ ಅರ್ಧ ಕಾರಣ.

ಇನ್ನೊಂದು ಮಾತು. 2016ರಲ್ಲಿ ಹೊರಬಂದ ‘ಅಮೋರಿಸ್ ಲೇತಿತ್ಸಿಯ’ ಪತ್ರದಲ್ಲಿ (275) ಜಗದ್ಗುರು ಫ್ರಾನ್ಸಿಸ್‌ರವರು ಮಕ್ಕಳಿಗೆ ಕಾಯುವುದನ್ನು ಕಲಿಸಬೇಕಾದ ಅಗತ್ಯವನ್ನು ವಿವರಿಸಿದ್ದಾರೆ. ಆರು ತಿಂಗಳ ಕೂಸಿಗೆ ಕಾಯುವುದು ತಿಳಿಯದು. ಅದು ಕರೆದಾಗ ನಾವು ಹೋಗಲೇಬೇಕು. ಆದರೆ ಅತ್ತಾಗಲೆಲ್ಲ ಒಂದು ವಸ್ತುವನ್ನು ಕೈಗೋ ಬಾಯಿಗೋ ಕೊಟ್ಟು ಸುಮ್ಮನಾಗಿಸುವ ಅಭ್ಯಾಸ ನಮಗೆ ಹತ್ತಿಬಿಡುತ್ತದೆ. ಇಂದು ನಿಪ್ಪಲ್, ನಾಳೆ ಚಾಕಲೇಟು, ನಾಡಿದ್ದು ಮೊಬೈಲು. ವಸ್ತು ಬದಲಾಗುತ್ತದೆ, ಅಭ್ಯಾಸ ಬದಲಾಗುವುದಿಲ್ಲ. ತನ್ನ ದುಃಖವನ್ನು ಕೇಳುವವರಿದ್ದಾರೆ ಎಂದು ಕಲಿಯಬೇಕಾದ ಮಗು, ದುಃಖಕ್ಕೆ ಒಂದು ವಸ್ತುವೇ ಮದ್ದು ಎಂದು ಕಲಿಯುತ್ತದೆ.

ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಶಾಂತಿಯನ್ನು ಕೊಟ್ಟಾಗ ಅದು ಲೋಕವು ಕೊಡುವ ಬಗೆಯದಲ್ಲ ಎಂದರು (ಯೊವಾನ್ನ 14:27). ಮೌನ ಬೇರೆ, ಶಾಂತಿ ಬೇರೆ. ಕೀರ್ತನೆ 131ರಲ್ಲಿ ಭಕ್ತನು ತನ್ನ ಆತ್ಮವನ್ನು ತಾಯಿಯ ಬಳಿ ಇರುವ, ಮೊಲೆಬಿಟ್ಟ ಮಗುವಿಗೆ ಹೋಲಿಸುತ್ತಾನೆ. ಆ ಮಗುವಿಗೆ ಈಗ ಹಾಲು ಬೇಡ, ಚೀಪಲು ಏನೂ ಬೇಡ. ತಾಯಿ ಇದ್ದಾಳೆ, ಅಷ್ಟು ಸಾಕು. ನಮ್ಮ ಮನೆಯ ಕೂಸುಗಳು ಆ ಶಾಂತಿಗೆ ಬೆಳೆಯಲಿ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಕೂಸು ಅತ್ತಾಗ ಮೊದಲು ಏಳುವವರು ಯಾರು? ತಂದೆ ಎಷ್ಟು ಸಲ ಏಳುತ್ತಾನೆ?
2. ಅತ್ತೆ ಸೊಸೆಯರು ಒಬ್ಬರಿಂದೊಬ್ಬರು ಶಿಶುಪಾಲನೆಯ ಯಾವ ಒಳ್ಳೆಯ ರೂಢಿಯನ್ನು ಕಲಿಯಬಹುದು?
3. ನಮ್ಮ ದೇವಾಲಯದಲ್ಲಿ ತಾಯಂದಿರು ಸಂಕೋಚವಿಲ್ಲದೆ ಹಾಲೂಡಿಸಲು ಒಂದು ಜಾಗವಿದೆಯೇ? ಇಲ್ಲವಾದರೆ ನಾವು ಏನು ಮಾಡಬಹುದು?

ಈ ವಾರದ ಸಂಕಲ್ಪ: ಬರುವ ಭಾನುವಾರ ಬಲಿಪೂಜೆಯ ನಂತರ, ಕೂಸು ಎತ್ತಿಕೊಂಡು ಬಂದ ಒಬ್ಬ ತಾಯಿಯ ಬಳಿ ಹೋಗಿ, “ಸ್ವಲ್ಪ ಹೊತ್ತು ನಾನು ಎತ್ತಿಕೊಳ್ಳಲೇನಮ್ಮಾ?” ಎಂದು ಕೇಳುವೆನು.

ಪ್ರಾರ್ಥನೆ: ಬೆತ್ಲೆಹೇಮಿನಲ್ಲಿ ಕೂಸಾಗಿ ಅತ್ತ ಯೇಸುವೇ, ಮಾತು ಬಾರದವರ ಮೊರೆಯನ್ನು ಕೇಳುವ ಕಿವಿಯನ್ನು ನಮಗೆ ಕೊಡಿರಿ. ನಿಮಗೆ ಹಾಲೂಡಿಸಿದ ಮಾತೆ ಮರಿಯಮ್ಮನವರು ದಣಿದ ಎಲ್ಲ ತಾಯಂದಿರಿಗೆ ಆಸರೆಯಾಗಲಿ. ಆಮೆನ್.